ಆಫ್ರಿಕಾದ ಮಕ್ಕಳ ಕಥೆಗಳನ್ನು ಓದಿದ ಮೇಲೆ ಉಳಿಯುವ ಸಂಕಟದ ಕುರಿತು

ತುಂಗಾತೀರ:

ನೈಜೀರಿಯಾದ ಉವೆಮ್ ಅಕ್ಪಾನ್ ಅವರು ಜೆಸ್ಯೂಟ್ ಪಾದ್ರಿಯಾಗಿದ್ದ ಕಾಲದಲ್ಲಿ ಬರೆದ ‘ಸೇ ಯು ಆರ್ ಒನ್ ಆಫ್ ದೆಮ್’ ಎಂಬ ಕಥಾಸಂಕಲನವನ್ನು ಕಳೆದ ತಿಂಗಳು ಓದಿ ಮುಗಿಸಿದೆ. 2008ರಲ್ಲಿ ಬಂದ ಪುಸ್ತಕವಿದು. ಮರುವರ್ಷ ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೇ ತಮ್ಮ ಓದುಗರ ಬಳಗಕ್ಕೆ ಇದನ್ನು ಆರಿಸಿಕೊಂಡ ಮೇಲೆ ಎಲ್ಲೆಡೆ ಹರಡಿತು. ಐದು ಕಥೆಗಳು, ಐದು ದೇಶಗಳು: ಕೀನ್ಯಾ, ಬೆನಿನ್, ಇಥಿಯೋಪಿಯಾ, ನೈಜೀರಿಯಾ, ರುವಾಂಡಾ. ಐದರಲ್ಲೂ ಲೋಕವನ್ನು ನೋಡುವ ಕಣ್ಣು ಮಗುವಿನದು, ಇಲ್ಲವೇ ಹದಿಹರೆಯದ ಹುಡುಗನದು.

ಕೊನೆಯ ಕಥೆ ರುವಾಂಡಾದ್ದು. 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ಅಲ್ಲಿ ಬಹುಸಂಖ್ಯಾತ ಹುಟು ಜನಾಂಗದ ಉಗ್ರರು ಲಕ್ಷಾಂತರ ಟುಟ್ಸಿ ಜನಾಂಗದವರನ್ನೂ ಕೊಲೆಗೆ ಒಪ್ಪದ ಹುಟುಗಳನ್ನೂ ಕೊಂದ ಸುದ್ದಿಯನ್ನು ನಾವೆಲ್ಲ ಎಂದೋ ಓದಿ ಪಕ್ಕಕ್ಕಿಟ್ಟವರೇ. ಕಥೆ ಹೇಳುವ ಮೋನಿಕ್‌ಗೆ ಒಂಬತ್ತು ವರ್ಷ ಏಳು ತಿಂಗಳು. ತಂದೆ ಹುಟು, ತಾಯಿ ಟುಟ್ಸಿ. ಮನೆಗೆ ನುಗ್ಗಿದ ಗುಂಪು ತಂದೆಯ ಕೈಯಿಂದಲೇ ತಾಯಿಯನ್ನು ಕೊಲ್ಲಿಸುತ್ತದೆ. ಆ ಗುಂಪಿನಲ್ಲಿ ಹೊರಗಿನವರಷ್ಟೇ ಅಲ್ಲ, ಮನೆಗೆ ಬಂದುಹೋಗುತ್ತಿದ್ದ ನೆಂಟರೂ ಇದ್ದಾರೆ. ಅದನ್ನು ಓದುವಾಗ ನಾನು ಅಳಲಿಲ್ಲ. ಅದಾದ ಮೇಲೆ ಒಂದು ಸಣ್ಣ ಸಂಗತಿ ಬರುತ್ತದೆ. ಏನೂ ಅರಿಯದ ಪುಟ್ಟ ತಮ್ಮ ಜಾನ್, ಸತ್ತುಬಿದ್ದ ತಾಯಿಯ ಬೆರಳುಗಳನ್ನು ಹಿಡಿದು ನೆಟ್ಟಗೆ ಮಾಡುತ್ತಾನೆ. ಅವು ಮತ್ತೆ ಮಡಚಿಕೊಳ್ಳುತ್ತವೆ, ಅಮ್ಮ ತನ್ನನ್ನು ಆಟವಾಡಿಸುತ್ತಿದ್ದಾಳೆ ಎಂಬ ಹಾಗೆ. ಅಲ್ಲಿ ಪುಸ್ತಕ ಮುಚ್ಚಿದವಳು ಎರಡು ದಿನ ಅದನ್ನು ಮುಟ್ಟಲಿಲ್ಲ.

ನನ್ನ ಮಗಳಿಗೂ ಈಗ ಒಂಬತ್ತು. ಆ ರಾತ್ರಿ ನಿದ್ದೆಯಲ್ಲಿದ್ದ ಅವಳ ಬೆರಳುಗಳನ್ನು ಬಿಡಿಸಿ ನೋಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಿಡಿಸಿ ನೋಡಿದೆ. ಅಂದಿನಿಂದ ನನಗೊಂದು ಪ್ರಶ್ನೆ ಹತ್ತಿಕೊಂಡಿದೆ. ನನಗೆ ಆದದ್ದು ಮೋನಿಕ್‌ಳ ಮೇಲಿನ ಕರುಣೆಯೋ, ನನ್ನ ಮಗಳ ಬಗೆಗಿನ ಭಯವೋ, ಅಥವಾ ನಮ್ಮ ಮನೆಯ ಬಾಗಿಲಿಗೆ ಅಂಥ ಗುಂಪು ಬರಲಾರದು ಎಂಬ ಗುಟ್ಟಾದ ನೆಮ್ಮದಿಯೋ? ಇಂಥ ಕಥೆಗಳನ್ನು ಓದಿದ ಬೇರೆಯವರಿಗೆ ಏನಾಯಿತೆಂದು ತಿಳಿಯುವ ಆಸೆ. ‘ಮನಸ್ಸು ಭಾರವಾಯಿತು’ ಎಂಬ ಮಾತನ್ನು ಮಾತ್ರ ಯಾರೂ ಬರೆಯಬೇಡಿ. ಅದನ್ನು ನಾನೇ ನಾಲ್ಕು ಜನರಿಗೆ ಹೇಳಿ ದಣಿದಿದ್ದೇನೆ.

ಹಳೆಯ ಮೇಷ್ಟರು:

ತಂಗಿ, ನಿಮ್ಮ ಪ್ರಶ್ನೆಯನ್ನು ನಮ್ಮ ಅಲಂಕಾರಶಾಸ್ತ್ರದವರು ಬಹಳ ಹಿಂದೆಯೇ ಕೇಳಿಕೊಂಡಿದ್ದರು. ಶೋಕವು ಕರುಣರಸವಾಗಿ ಮಾರ್ಪಟ್ಟಾಗ ಅದು ದುಃಖವಾಗಿ ಉಳಿಯುವುದಿಲ್ಲ, ಆಸ್ವಾದವಾಗುತ್ತದೆ ಎಂಬುದು ಅವರ ಮುಖ್ಯ ನಿಲುವು. ಭಟ್ಟನಾಯಕನು ಹೇಳಿದ ಸಾಧಾರಣೀಕರಣದಲ್ಲಿ ರಂಗದ ಮೇಲಿನ ಶೋಕ ‘ಇವನದು’ ಎನ್ನಿಸುವುದಿಲ್ಲ, ‘ನನ್ನದು’ ಎಂದೂ ಎನ್ನಿಸುವುದಿಲ್ಲ. ಆದ್ದರಿಂದಲೇ ಸಹೃದಯನು ಅಳುತ್ತಲೇ ಸುಖಪಡಬಲ್ಲ. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಪಾಠ ಹೇಳಿದ್ದೇನೆ, ನಂಬಿಯೂ ಇದ್ದೆ.

ನಮ್ಮೂರಿನಲ್ಲಿ ಶ್ರಾವಣದ ಗಮಕ ವಾಚನದಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಓದಿಸುತ್ತಿದ್ದರು. ಹಾವು ಕಚ್ಚಿ ಸತ್ತ ಲೋಹಿತಾಶ್ವನನ್ನು ಎತ್ತಿಕೊಂಡು ಚಂದ್ರಮತಿ ಗೋಳಾಡುವ ಭಾಗ ಬಂದರೆ ಗುಡಿಯ ಜಗಲಿಯ ಮೇಲೆ ಕುಳಿತ ಹೆಂಗಸರೆಲ್ಲ ಸೆರಗನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮನೆಯಲ್ಲಿ ಎಂದೂ ಅತ್ತು ನೋಡದ ನನ್ನ ತಂದೆ ಆ ಹೊತ್ತಿಗೆ ಸರಿಯಾಗಿ ಎದ್ದು, ದೀಪಕ್ಕೆ ಎಣ್ಣೆ ಹಾಕುವ ನೆಪದಲ್ಲಿ ಒಳಗೆ ಹೋಗಿಬಿಡುತ್ತಿದ್ದರು. ಆಮೇಲೆ ಎಲ್ಲರೂ ಕೋಸಂಬರಿ ತಿಂದು ಹಗುರವಾಗಿ ಮನೆಗೆ ಹೋಗುತ್ತಿದ್ದೆವು. ಹಗುರವಾಗಲು ಒಂದು ಕಾರಣವಿತ್ತು: ಕೊನೆಗೆ ವಿಶ್ವನಾಥನು ಪ್ರತ್ಯಕ್ಷನಾಗುತ್ತಾನೆ, ಲೋಹಿತಾಶ್ವನು ಎದ್ದು ಕೂರುತ್ತಾನೆ ಎಂಬುದು ಅಳುತ್ತಿರುವಾಗಲೂ ನಮಗೆಲ್ಲ ಗೊತ್ತಿತ್ತು.

ಕಳೆದ ವರ್ಷ ಮೊಮ್ಮಗ ತಂದುಕೊಟ್ಟದ್ದರಿಂದ ನೀವು ಹೇಳಿದ ಪುಸ್ತಕವನ್ನು ನಾನೂ ಓದಿದೆ. ಅಲ್ಲಿ ಯಾವ ವಿಶ್ವನಾಥನೂ ಬರುವುದಿಲ್ಲ. ಅಷ್ಟೇ ಆಗಿದ್ದರೆ ದುರಂತ ಎಂದು ಕರೆದು ಕಪಾಟಿನಲ್ಲಿ ಇಡಬಹುದಿತ್ತು. ಆದರೆ ಅಲ್ಲಿ ಚಂದ್ರಮತಿಯೂ ಇಲ್ಲ, ಅಂದರೆ ನಮ್ಮ ಪರವಾಗಿ ಗೋಳಾಡುವವರು ಯಾರೂ ಇಲ್ಲ. ಮಗು ತನಗಾದದ್ದನ್ನು ವರದಿ ಮಾಡಿ ಮುಂದಕ್ಕೆ ನಡೆಯುತ್ತದೆ. ಶೋಕವನ್ನು ಆಡಿ ತೋರಿಸುವ ಪಾತ್ರವೇ ಇಲ್ಲದಾಗ ರಸ ಎಲ್ಲಿಂದ ಹುಟ್ಟಬೇಕು? ಆಡದೆ ಉಳಿದ ಶೋಕವೆಲ್ಲ ಓದುಗನ ಕೊರಳಿಗೆ ಬೀಳುತ್ತದೆ. ನನಗೆ ಬಂದದ್ದು ಆಸ್ವಾದವಲ್ಲ, ಎದೆಯುರಿ.

ಕಾಪಿತೋಟ:

ಇಬ್ಬರ ಮಾತಿನಲ್ಲೂ ಪ್ರಾಮಾಣಿಕತೆ ಇದೆ, ಆದರೆ ನನಗೆ ಸಮ್ಮತವಿಲ್ಲ. ಇಂಥ ಪುಸ್ತಕಗಳಿಗೆ ಪಶ್ಚಿಮದಲ್ಲಿ ಒಂದು ಸಿದ್ಧ ಮಾರುಕಟ್ಟೆ ಇದೆ ಎಂದು ಆಫ್ರಿಕಾದ ಲೇಖಕರೇ ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ. ಕೀನ್ಯಾದ ಬಿನ್ಯಾವಂಗ ವೈನೈನ 2005ರಲ್ಲಿ ‘ಗ್ರಾಂಟಾ’ ಪತ್ರಿಕೆಗೆ ಬರೆದ ವ್ಯಂಗ್ಯ ಪ್ರಬಂಧದಲ್ಲಿ, ಆಫ್ರಿಕಾದ ಬಗ್ಗೆ ಬರೆಯಬೇಕೆಂದಿರುವವರು ಹಸಿದ ಮಕ್ಕಳನ್ನು ಮರೆಯದೆ ತರಬೇಕೆಂದು ಗಂಭೀರ ಮುಖ ಮಾಡಿಕೊಂಡು ಉಪದೇಶಿಸುತ್ತಾರೆ. ನೈಜೀರಿಯಾದ ಲೇಖಕಿ ಚಿಮಮಂಡ ಅಡೀಚಿ 2009ರ ಭಾಷಣದಲ್ಲಿ, ಒಂದು ಜನಾಂಗದ ಬಗ್ಗೆ ಒಂದೇ ಕಥೆಯನ್ನು ಪದೇ ಪದೇ ಕೇಳಿದರೆ ಆ ಜನ ಅದೇ ಆಗಿಬಿಡುತ್ತಾರೆ ಎಂದು ಎಚ್ಚರಿಸಿದರು. ನೋವಯಲೆಟ್ ಬುಲವಾಯೊ ಜಿಂಬಾಬ್ವೆಯ ಗುಡಿಸಲು ಮಕ್ಕಳ ಬಗ್ಗೆ ಬರೆದ ಕಾದಂಬರಿಯನ್ನು 2013ರಲ್ಲಿ ವಿಮರ್ಶಿಸಿದ ನೈಜೀರಿಯಾದ ಕಾದಂಬರಿಕಾರ ಹೆಲೊನ್ ಹಬೀಲ, ಬಡತನವನ್ನು ರಂಜನೆಯಾಗಿ ಉಣಬಡಿಸುವ ಈ ಚಾಳಿಯ ಬಗ್ಗೆ ನೇರವಾಗಿಯೇ ಅಸಮಾಧಾನ ತೋರಿದರು.

ಐವತ್ತಕ್ಕೂ ಹೆಚ್ಚು ದೇಶಗಳಿರುವ ಖಂಡದಿಂದ ನಮ್ಮ ಕೈಗೆ ಬರುವುದು ಬಂದೂಕು ಹಿಡಿದ ಮಗು, ಹಸಿದ ಮಗು, ಮಾರಾಟವಾದ ಮಗು. ಅಲ್ಲಿ ಲೆಕ್ಕದಲ್ಲಿ ನಪಾಸಾಗಿ ಅಪ್ಪನಿಗೆ ಸುಳ್ಳು ಹೇಳುವ ಹುಡುಗನ ಕಥೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಾವು ಎರಡು ವಾರ ಮರುಗಿ ಮೂರನೆಯ ವಾರ ಮರೆಯುತ್ತೇವೆ. ನಡುವೆ ‘ನಾನು ಸೂಕ್ಷ್ಮ ಮನಸ್ಸಿನ ಓದುಗ’ ಎಂಬ ಸಣ್ಣ ಪದಕವೊಂದು ನಮ್ಮ ಅಂಗಿಗೆ ಅಂಟಿಕೊಳ್ಳುತ್ತದೆ. ತುಂಗಾತೀರ ಅವರೇ, ನಿಮ್ಮ ಮೂರು ಊಹೆಗಳ ಜೊತೆಗೆ ಈ ನಾಲ್ಕನೆಯದನ್ನೂ ಸೇರಿಸಿಕೊಳ್ಳಿ.

ತುಂಗಾತೀರ:

ಸೇರಿಸಿಕೊಂಡೆ, ಸಿಟ್ಟೂ ಬಂತು, ಒಂದು ದಿನ ಕಳೆದು ಬರೆಯುತ್ತಿದ್ದೇನೆ. ಆ ಪದಕವನ್ನು ಅಂಟಿಸಿಕೊಳ್ಳಲು ಬಿಡುವ ಕಥೆಗಳಿವೆ, ಬಿಡದ ಕಥೆಗಳೂ ಇವೆ. ಈ ಸಂಕಲನದ ಬೆನಿನ್‌ನ ಕಥೆ ಎರಡನೆಯ ಬಗೆಯದು ಎಂದು ನನ್ನ ಎಣಿಕೆ.

ಓದದವರಿಗಾಗಿ ಹೇಳುತ್ತೇನೆ. ಹತ್ತು ವರ್ಷದ ಕೊಚ್ಚಿಕ್ಪಾ, ಐದು ವರ್ಷದ ತಂಗಿ ಯೇವಾ. ಬೆನಿನ್ ಮತ್ತು ನೈಜೀರಿಯಾದ ಗಡಿಯಲ್ಲಿ ಚಿಕ್ಕಪ್ಪನ ಜೊತೆ ಇದ್ದಾರೆ. ಒಂದು ದಿನ ಚಿಕ್ಕಪ್ಪ ಹೊಚ್ಚಹೊಸ ನಾನ್‌ಫಾಂಗ್ ಮೋಟರ್‌ಸೈಕಲ್ ಮೇಲೆ ಮನೆಗೆ ಬರುತ್ತಾನೆ. ಆಮೇಲೆ ಮನೆಗೆ ಒಳ್ಳೆಯ ಊಟ ಬರುತ್ತದೆ, ಹೊಸ ಬಟ್ಟೆ ಬರುತ್ತದೆ, ಮಕ್ಕಳಿಗೆ ಹೊಸ ಹೆಸರುಗಳನ್ನು ಕಲಿಸುತ್ತಾರೆ, ಗಬಾನ್‌ಗೆ ಹೋಗುವ ಸಮುದ್ರಯಾನದ ತಯಾರಿ ನಡೆಯುತ್ತದೆ. ಮಕ್ಕಳು ಹಿಗ್ಗಿನಲ್ಲಿದ್ದಾರೆ. ಸ್ವಂತ ಅಣ್ಣನ ಮಕ್ಕಳನ್ನು ಮಾರುವುದು ಪರರ ಮಕ್ಕಳನ್ನು ಮಾರಿದಷ್ಟು ಸುಲಭವಲ್ಲ ಎಂಬರ್ಥದ ಮಾತಿನಿಂದಲೇ ಕಥೆ ಶುರುವಾಗುವುದರಿಂದ, ಆ ಊಟ ಏನೆಂಬುದು ನಮಗೆ ಮೊದಲ ಸಾಲಿನಿಂದ ಗೊತ್ತು. ಹಬ್ಬಕ್ಕೆ ಮುಂಚೆ ಕುರಿಗೆ ಹಸಿರುಮೇವು ಹಾಕುವುದನ್ನು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ.

ಇದು ಬರೀ ಕಲ್ಪನೆಯೂ ಅಲ್ಲ. 2001ರ ಏಪ್ರಿಲ್‌ನಲ್ಲಿ ‘ಎಟಿರೆನೊ’ ಎಂಬ ಹಡಗು ಬೆನಿನ್‌ನ ಕೊಟೊನೂ ಬಂದರಿನಿಂದ ಗಬಾನ್ ಕಡೆಗೆ ಹೋಗಿ, ಅಲ್ಲಿ ಇಳಿಯಲು ಬಿಡದೆ, ಕೊನೆಗೆ ಕೊಟೊನೂಗೇ ಮರಳಿತು. ಅದರಲ್ಲಿ ಇನ್ನೂರೈವತ್ತರಷ್ಟು ಮಕ್ಕಳನ್ನು ದುಡಿಮೆಗೆ ಮಾರಲು ಸಾಗಿಸುತ್ತಿದ್ದಾರೆಂದು ಮೊದಲು ಸುದ್ದಿಯಾಯಿತು. ಹಡಗು ಬಂದಾಗ ಸಿಕ್ಕ ಮಕ್ಕಳ ಸಂಖ್ಯೆ ಅದಕ್ಕಿಂತ ಬಹಳ ಕಡಿಮೆ ಇತ್ತು. ಸಂಖ್ಯೆ ಇಳಿಯುತ್ತಿದ್ದ ಹಾಗೆ ಲೋಕದ ಆಸಕ್ತಿಯೂ ಇಳಿಯಿತು.

ಕಾಪಿತೋಟ ಅವರೇ, ಕಥೆ ನನಗೆ ಮಾಡಿದ್ದು ಇದು: ಮಕ್ಕಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ, ಹೇಳುವ ದಾರಿ ಇಲ್ಲ. ಅಷ್ಟು ಮಾತ್ರವಲ್ಲ, ಆ ಹೊಸ ಮೋಟರ್‌ಸೈಕಲ್ ಮೇಲೆ ಮೂವರೂ ಕುಳಿತು ಸವಾರಿ ಹೋಗುವಾಗ ನಾನೂ ಒಂದು ಗಳಿಗೆ ಖುಷಿಪಟ್ಟೆ. ಆ ಚಿಕ್ಕಪ್ಪ ನನಗೆ ಇಷ್ಟವೂ ಆಗಿದ್ದ. ಮುಂದೆ ಅವನ ಮನಸ್ಸು ಬದಲಾಗುತ್ತದೆ, ಮಕ್ಕಳನ್ನು ಕರೆದುಕೊಂಡು ಓಡಲು ನೋಡುತ್ತಾನೆ, ಅದಕ್ಕಾಗಿ ಜೀವ ತೆರುತ್ತಾನೆ. ಕೊನೆಯಲ್ಲಿ ಹುಡುಗ ತಪ್ಪಿಸಿಕೊಳ್ಳುತ್ತಾನೆ, ತಂಗಿ ಒಳಗೇ ಉಳಿಯುತ್ತಾಳೆ. ತಿಳಿದವಳಾಗಿದ್ದೂ ಏನೂ ಮಾಡಲಾಗದ ಹಿರಿಯರ ಜಾಗದಲ್ಲಿ ನನ್ನನ್ನು ಕೂರಿಸಿದ ಕಥೆ ನನಗೆ ಯಾವ ಪದಕ ಕೊಟ್ಟಿತು, ಹೇಳಿ? ನನಗೆ ಬಂದದ್ದು ಕರುಣೆಯಲ್ಲ ಎಂದು ಈಗ ಅನ್ನಿಸುತ್ತಿದೆ. ಕರುಣೆಗೆ ಸ್ವಲ್ಪ ಎತ್ತರದ ಜಾಗ ಬೇಕು. ಇದು ಪಾಲುದಾರಿಕೆಯ ನಾಚಿಕೆ.

ನೈರೋಬಿ ನಿವಾಸಿ:

ಹಾಸನದವನು, ಒಂಬತ್ತು ವರ್ಷಗಳಿಂದ ನೈರೋಬಿಯಲ್ಲಿ ಕೆಲಸದಲ್ಲಿದ್ದೇನೆ. ಸಂಕಲನದ ಮೊದಲ ಕಥೆ ಈ ಊರಿನದೇ, ಅದರ ಬಗ್ಗೆ ನಾಲ್ಕು ಮಾತು.

ಆ ಕಥೆಯಲ್ಲಿ ಬೀದಿಯ ಒಂದು ಗುಡಿಸಲಿನಲ್ಲಿ ಕ್ರಿಸ್‌ಮಸ್ ರಾತ್ರಿ ಕಾಯುತ್ತಿರುವ ಕುಟುಂಬವಿದೆ. ಹಸಿವು ಗೊತ್ತಾಗದಿರಲೆಂದು ತಾಯಿಯೇ ಮಕ್ಕಳಿಗೆ ಚಪ್ಪಲಿ ಅಂಟಿಸುವ ಗೋಂದನ್ನು ಮೂಸಲು ಕೊಡುತ್ತಾಳೆ. ಹನ್ನೆರಡು ವರ್ಷದ ಅಕ್ಕ ಮೈಶಾ ಬೀದಿಯಲ್ಲಿ ಮೈಮಾರಿ ತಂದ ಹಣದಲ್ಲಿ ಎಂಟು ವರ್ಷದ ತಮ್ಮ ಜಿಗಾನಾ ಶಾಲೆಗೆ ಸೇರಬೇಕು. ಈ ಗೋಂದಿನ ವಿಷಯ ಉತ್ಪ್ರೇಕ್ಷೆಯೇ ಎಂದು ಊರಿನ ಗೆಳೆಯರು ಕೇಳುತ್ತಾರೆ. ಅಲ್ಲ. ಇಲ್ಲಿ ಚೊಕೊರ ಎಂದು ಕರೆಯುವ ಬೀದಿ ಹುಡುಗರು ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನು ಮೇಲ್ದುಟಿಗೆ ಕಚ್ಚಿಸಿಕೊಂಡು, ಎರಡೂ ಕೈಗಳನ್ನು ಭಿಕ್ಷೆಗೆ ಬಿಡುವು ಮಾಡಿಕೊಂಡು, ಸಿಗ್ನಲ್‌ನಲ್ಲಿ ಕಾರಿನ ಬಳಿಗೆ ಬರುವುದನ್ನು ನಾನೇ ನೋಡಿದ್ದೇನೆ.

ಹೇಳಬೇಕಾದದ್ದು ಮುಂದಿನ ಮಾತು. ಅವರನ್ನು ನೋಡುತ್ತ ಎಷ್ಟೋ ವರ್ಷ ಕಾರಿನ ಗಾಜು ಏರಿಸಿಕೊಂಡೇ ಓಡಾಡಿದೆ. ಒಂದು ದಿನವೂ ನಿದ್ದೆ ಕೆಡಲಿಲ್ಲ. ಕಥೆ ಓದಿದ ಮೇಲೆ ಕೆಟ್ಟಿತು. ಎದುರಿಗೆ ನಿಂತ ಮಗು ಕದಲಿಸಲಾರದ ನನ್ನನ್ನು ಅಚ್ಚಿನ ಮಗು ಕದಲಿಸಿತು ಎಂದರೆ ಅದು ಕಥೆಯ ಹೆಗ್ಗಳಿಕೆಯೋ ನನ್ನ ಕೊರತೆಯೋ ತಿಳಿಯದು. ಬಹುಶಃ ಕಾರಣ ಇಷ್ಟೇ: ಗಾಜಿನ ಹೊರಗಿನ ಹುಡುಗ ನನ್ನನ್ನು ಏನೋ ಬೇಡುತ್ತಿದ್ದ, ಆದ್ದರಿಂದ ನಾನು ಕೂಡಲೇ ರಕ್ಷಣೆಗೆ ಇಳಿಯುತ್ತಿದ್ದೆ, ಕಥೆಯ ಹುಡುಗ ನನ್ನಿಂದ ಏನನ್ನೂ ಕೇಳಲಿಲ್ಲ. ಅವನ ಚಿಂತೆಯೆಲ್ಲ ಶಾಲೆ ಮತ್ತು ಸಮವಸ್ತ್ರದ್ದು. ಕೀನ್ಯಾದಲ್ಲಿ 2003ರ ಜನವರಿಯಿಂದ ಸರ್ಕಾರಿ ಪ್ರಾಥಮಿಕ ಶಾಲೆಯ ಶುಲ್ಕ ರದ್ದಾಯಿತು, ಹಿಂಡುಹಿಂಡಾಗಿ ಮಕ್ಕಳು ಶಾಲೆಗೆ ಬಂದರು. ಆದರೆ ಸಮವಸ್ತ್ರ, ಪುಸ್ತಕ, ಅದು ಇದು ಎಂದು ಬಾಗಿಲಿನಲ್ಲೇ ನಿಂತ ಮಕ್ಕಳೂ ಇದ್ದರು ಎಂದು ನನ್ನ ಸಹೋದ್ಯೋಗಿಗಳು ಹೇಳುತ್ತಾರೆ.

ಕಾಪಿತೋಟ ಅವರ ಮಾತಿಗೂ ಇಲ್ಲಿ ಸಾಕ್ಷಿ ಇದೆ. ಇದೇ ಕಥೆಯನ್ನು ನಮ್ಮ ಕಚೇರಿಯ ಕೀನ್ಯಾದ ಹೆಣ್ಣುಮಗಳೊಬ್ಬಳಿಗೆ ಕೊಟ್ಟೆ. ಓದಿ ವಾಪಸು ಕೊಡುತ್ತ, ‘ಚೆನ್ನಾಗಿದೆ, ಆದರೆ ನಿಮಗೆ ನಮ್ಮ ಮನೆಯ ಕ್ರಿಸ್‌ಮಸ್ ಗೊತ್ತೇ?’ ಎಂದಳು. ಒಂಬತ್ತು ವರ್ಷದಲ್ಲಿ ಗೊತ್ತಿರಲಿಲ್ಲ. ಆ ಡಿಸೆಂಬರಿನಲ್ಲಿ ಹೋದೆ. ಮೇಕೆ ಸುಟ್ಟಿದ್ದರು, ಚಪಾತಿ ಮಾಡಿದ್ದರು, ಹತ್ತಾರು ಮಕ್ಕಳು ನನ್ನ ಸ್ವಾಹಿಲಿ ಕೇಳಿ ಬಿದ್ದು ಬಿದ್ದು ನಕ್ಕರು.

ಎರಡು ತಿಂಗಳ ತಾಯಿ:

ಇದನ್ನೆಲ್ಲ ಓದುತ್ತಿದ್ದೇನೆ, ಆದರೆ ಪುಸ್ತಕವನ್ನು ಮುಟ್ಟಲಾರೆ. ಹೆರಿಗೆಯ ಮುಂಚೆ ಇಂಥವನ್ನು ಸಲೀಸಾಗಿ ಓದುತ್ತಿದ್ದವಳು ನಾನು. ಈಗ ಮಗು ಅಳುವ ಸದ್ದು ಪಕ್ಕದ ಮನೆಯಿಂದ ಬಂದರೂ ಎದೆ ಹಾಲಿಳಿಯುತ್ತದೆ. ಓದದಿರುವುದು ಹೇಡಿತನವೇ?

ಹಳೆಯ ಮೇಷ್ಟರು:

ಅಲ್ಲಮ್ಮ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ. ಮಗುವನ್ನು ನೋಡಿಕೊಳ್ಳಿ, ನೀವೂ ಹೊತ್ತು ಹೊತ್ತಿಗೆ ಉಣ್ಣಿ.

ಅನುವಾದದ ಹಾದಿ:

ನಾನು ಇಂಗ್ಲಿಷ್ ಮತ್ತು ಫ್ರೆಂಚ್‌ನಿಂದ ಅನುವಾದ ಮಾಡುವವಳು. ಪರಿಣಾಮದ ಮಾತು ಬಂದಿದೆಯಾದ್ದರಿಂದ ಅದು ಯಾವ ಭಾಷೆಯಿಂದ ಆಗುತ್ತದೆ ಎಂಬುದರ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಐವರಿ ಕೋಸ್ಟ್‌ನ ಅಹ್ಮದು ಕುರುಮಾ 2000ದಲ್ಲಿ ಫ್ರೆಂಚ್‌ನಲ್ಲಿ ಪ್ರಕಟಿಸಿದ ‘ಅಲ್ಲಾ ನೆ ಪಾ ಓಬ್ಲಿಜೆ’ ಕಾದಂಬರಿಯಲ್ಲಿ ಬಿರಾಹಿಮ ಎಂಬ ಹುಡುಗ ಲೈಬೀರಿಯಾ ಮತ್ತು ಸಿಯೆರಾ ಲಿಯೋನ್ ಯುದ್ಧಗಳಲ್ಲಿ ಬಂದೂಕು ಹೊತ್ತ ತನ್ನ ಕಥೆಯನ್ನು ಹೇಳುತ್ತಾನೆ. ಅವನ ಬಳಿ ನಾಲ್ಕು ನಿಘಂಟುಗಳಿವೆ. ದೊಡ್ಡ ಪದ ಬಂದಾಗಲೆಲ್ಲ ಅಲ್ಲೇ ಆವರಣದಲ್ಲಿ ಅದರ ಅರ್ಥ ಹೇಳುತ್ತಾನೆ, ಬಿಳಿಯರಿಗೆ ಅರ್ಥವಾಗದ ತನ್ನ ನಾಡಿನ ಬೈಗುಳಕ್ಕೂ ಅರ್ಥ ಹೇಳುತ್ತಾನೆ. ಕೊಲೆಯ ವರ್ಣನೆಯ ನಡುವೆ ಈ ನಿಘಂಟಿನ ಆಟ ಮೊದಲು ನಗಿಸುತ್ತದೆ. ಆಮೇಲೆ ಹೊಳೆಯುತ್ತದೆ: ಈ ಮಗುವಿಗೆ ತಾನು ಕಂಡದ್ದನ್ನು ಹೇಳಲು ಯಾವ ಭಾಷೆಯೂ ಸಾಲುತ್ತಿಲ್ಲ, ಪದಗಳನ್ನು ಎರವಲು ತಂದು ಒಂದೊಂದನ್ನೂ ತಿರುಗಿಸಿ ನೋಡುತ್ತಿದ್ದಾನೆ. ಅವನು ಎಲ್ಲಿಯೂ ಕನಿಕರ ಕೇಳುವುದಿಲ್ಲ, ಬದಲಿಗೆ ನಮ್ಮನ್ನು ಗದರುತ್ತಾನೆ.

ಇಂಥದ್ದನ್ನು ಕನ್ನಡಕ್ಕೆ ತರುವಾಗ ನಮ್ಮ ಭಾಷೆಯೇ ನನಗೆ ಅಡ್ಡ ಬರುತ್ತದೆ. ಕನ್ನಡದಲ್ಲಿ ಮಗುವಿನ ನೋವು ಎಂದೊಡನೆ ನಾಲಿಗೆಯ ತುದಿಗೆ ಬರುವ ಪದ ‘ಪಾಪ’. ಅಯ್ಯೋ ಪಾಪ ಎಂದರೆ ಕನಿಕರ. ಹಸುಗೂಸನ್ನೂ ಪಾಪ, ಪಾಪು ಎನ್ನುತ್ತೇವೆ. ಪುಣ್ಯದ ಎದುರಿಗೆ ನಿಲ್ಲುವುದೂ ಅದೇ ಪಾಪ. ಮಗು, ಮರುಕ ಮತ್ತು ಮಾಡಿದ ತಪ್ಪು ಮೂರನ್ನೂ ಒಂದೇ ಉಸಿರಿನಲ್ಲಿ ಹಿಡಿದ ಈ ಪದವನ್ನು ನಾವು ಎಷ್ಟು ಸವೆಸಿದ್ದೇವೆಂದರೆ ಈಗ ಅದರಲ್ಲಿ ಮರುಕ ಮಾತ್ರ ಕೇಳಿಸುತ್ತದೆ. ನಾನು ಅನುವಾದದ ಮೊದಲ ಕರಡು ಮುಗಿಸಿದಾಗ ಮಾಡುವ ಮೊದಲ ಕೆಲಸ, ಮೂಲದಲ್ಲಿ ಇಲ್ಲದೆಯೂ ನನ್ನ ಕೈಯಿಂದ ಜಾರಿ ಸೇರಿಕೊಂಡ ‘ಪಾಪ’, ‘ಅಮಾಯಕ’, ‘ಮುಗ್ಧ ಕಂಗಳು’, ‘ಹೃದಯ ವಿದ್ರಾವಕ’ಗಳನ್ನು ಹುಡುಕಿ ಹೊಡೆದುಹಾಕುವುದು. ಅವು ಹೋದ ಮೇಲೆ ವಾಕ್ಯ ಬೋಳಾಗಿ ಕಾಣುತ್ತದೆ, ಆ ಬೋಳಿನಲ್ಲೇ ಅದು ಚುಚ್ಚುವುದು. ತುಂಗಾತೀರ ಅವರು ಹೇಳಿದ ‘ಪಾಲುದಾರಿಕೆಯ ನಾಚಿಕೆ’ ನಮ್ಮ ‘ಪಾಪ’ದ ಮೂರನೆಯ ಅರ್ಥಕ್ಕೆ ಹತ್ತಿರದ್ದು.

ಇನ್ನೊಂದು ಮಾತು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಚಿತ್ರ ಮತ್ತು ಕಥೆಯನ್ನು ಕೆಲವರಿಗೆ, ಲಕ್ಷಾಂತರ ಜನರ ಹಸಿವಿನ ಅಂಕಿಅಂಶವನ್ನು ಇನ್ನು ಕೆಲವರಿಗೆ ತೋರಿಸಿ ದೇಣಿಗೆ ಕೇಳಿದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಅದನ್ನು ನಡೆಸಿದವರಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಒಬ್ಬರು. ಅಂಕಿಅಂಶ ಓದಿದವರು ಕೊಟ್ಟದ್ದು ರೋಕಿಯಾಳನ್ನು ಕಂಡವರು ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ. ವಿಚಿತ್ರವೆಂದರೆ, ರೋಕಿಯಾಳ ಜೊತೆಗೆ ಅಂಕಿಅಂಶವನ್ನೂ ಸೇರಿಸಿದಾಗ ದೇಣಿಗೆ ಹೆಚ್ಚುವ ಬದಲು ಇಳಿಯಿತು. ಕಥೆ ಒಂದೇ ಮಗುವಿನ ಬೆನ್ನು ಹಿಡಿಯುವುದೇಕೆಂದು ಇದರಿಂದ ತಿಳಿಯುತ್ತದೆ. ದೇಣಿಗೆಯ ಭಿತ್ತಿಪತ್ರವೂ ಅದನ್ನೇ ಮಾಡುತ್ತದೆ ಎಂಬುದು ನನ್ನ ದಿಗಿಲು.

ಘಟ್ಟದ ಶಾಲೆ:

ಯಲ್ಲಾಪುರ ತಾಲ್ಲೂಕಿನಲ್ಲಿ ಶಿಕ್ಷಕಿ. ಭಿತ್ತಿಪತ್ರದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ. ಅವರ ಹಿರಿಯರನ್ನು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದರೆಂದೂ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರೆಂದೂ ಹೇಳುತ್ತಾರೆ. ಈ ಮಕ್ಕಳು ಹುಟ್ಟಿದ್ದು ಇಲ್ಲಿ, ಆಡುವುದು ಕನ್ನಡ, ಕೊಂಕಣಿ.

ಒಮ್ಮೆ ಹಸಿವಿನ ಬಗ್ಗೆ ಪಾಠ ಮಾಡುವಾಗ ಎಲುಬು ಕಾಣುವ ಆಫ್ರಿಕಾದ ಮಗುವಿನ ಚಿತ್ರ ತೋರಿಸಿದೆ. ನನ್ನ ಉದ್ದೇಶ ಒಳ್ಳೆಯದಿತ್ತು, ಮಕ್ಕಳ ಮನಸ್ಸು ಕರಗಲಿ ಎಂದೇ ತೋರಿಸಿದ್ದು. ಇಡೀ ತರಗತಿ ಚಿತ್ರವನ್ನು ನೋಡಿ ಆಮೇಲೆ ಒಟ್ಟಿಗೆ ಮೂರನೆಯ ಸಾಲಿನ ಹುಡುಗಿಯ ಕಡೆಗೆ ತಿರುಗಿತು. ಅವಳು, ‘ಟೀಚರ್, ಅದು ನಮ್ಮೂರಲ್ಲ’ ಎಂದು ಮೆಲ್ಲಗೆ ಹೇಳಿ ತಲೆ ತಗ್ಗಿಸಿದಳು. ಕರಗಿಸಲು ಹೊರಟ ನಾನು ಯಾರನ್ನು ಕುಗ್ಗಿಸಿದೆ ಎಂದು ಅಂದು ತಿಳಿಯಿತು. ನೀವೆಲ್ಲ ಓದುಗರ ಸಂಕಟದ ಬಗ್ಗೆ ಬರೆಯುತ್ತಿದ್ದೀರಿ. ನಾವು ಮರುಗುವ ಮುಖವನ್ನೇ ಹೋಲುವ ಮುಖದ ಮಗುವೊಂದು ನಮ್ಮ ಪಕ್ಕದಲ್ಲಿ ಕುಳಿತು ನಮ್ಮ ಮರುಕವನ್ನು ನೋಡುತ್ತಿರಬಹುದು.

ಕಾಪಿತೋಟ:

ನನ್ನ ವಾದವನ್ನು ನನಗಿಂತ ಚೆನ್ನಾಗಿ ಶಿಕ್ಷಕಿಯವರು ಒಂದೇ ಘಟನೆಯಲ್ಲಿ ಹೇಳಿದರು. 2016ರ ಆರಂಭದಲ್ಲಿ ಬೆಂಗಳೂರಿನಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪೊಂದು ಹಲ್ಲೆ ಮಾಡಿತು. ಸ್ವಲ್ಪ ಮುಂಚೆ ಅಲ್ಲಿ ಕಾರಿನಿಂದ ಅಪಘಾತ ಮಾಡಿದ್ದವನು ಬೇರೆ ದೇಶದವನು, ಬೇರೆ ಮನುಷ್ಯ, ಮೈಬಣ್ಣ ಒಂದೇ ಎಂಬುದಷ್ಟೇ ಕಾರಣ. ಆಫ್ರಿಕಾದ ಮಗುವಿಗೆ ಪುಟದಲ್ಲಿ ಮರುಗುವ ನಾವು ಅದೇ ಮಗು ಬೆಳೆದು ಓದಲು ಬಂದಾಗ ಬಾಡಿಗೆಗೆ ಮನೆ ಕೊಡುವುದಿಲ್ಲ.

ಆದರೂ ತುಂಗಾತೀರ ಅವರ ಉತ್ತರದ ಮೇಲೆ ಬೆನಿನ್‌ನ ಕಥೆಯನ್ನು ಹುಡುಕಿ ಓದಿದೆ. ಪದಕದ ಮಾತನ್ನು ಆ ಕಥೆಯ ಮಟ್ಟಿಗೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಲ್ಲಿ ನನಗೆ ಮರುಕಪಡಲು ಬಿಡುವೇ ಸಿಗಲಿಲ್ಲ. ಚಿಕ್ಕಪ್ಪ ಮಕ್ಕಳ ಕೋಣೆಯ ಕಿಟಕಿಗಳನ್ನು ಮುಚ್ಚಿಸುವಾಗ, ಸೆಖೆಯಾಗುವುದಲ್ಲ ಎಂದು ಯೋಚಿಸುತ್ತಿದ್ದೆ. ಮಾರುಕಟ್ಟೆಯ ಬಗೆಗಿನ ಮಾತು ಮಾತ್ರ ಹಾಗೆಯೇ ಇರಲಿ.

ನಿವೃತ್ತ ಸೈನಿಕ, ಕೊಡಗು:

ನಾನು ಸಾಹಿತ್ಯದವನಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿ ಕಾಂಗೋದ ಗೋಮಾದಲ್ಲಿ ಒಂದು ಅವಧಿ ಸೇವೆ ಮಾಡಿದ್ದೇನೆ. ಬಂದೂಕು ಒಪ್ಪಿಸಿ ಬಂದ ಹುಡುಗರನ್ನು ಹತ್ತಿರದಿಂದ ನೋಡಿದ್ದೇನೆ. ಹದಿನೈದರ ಕೆಳಗಿನ ಮಕ್ಕಳನ್ನು ಯುದ್ಧಕ್ಕೆ ಸೇರಿಸಿಕೊಂಡದ್ದಕ್ಕಾಗಿ ಅದೇ ದೇಶದ ತೋಮಾ ಲುಬಂಗ ಎಂಬ ಸೇನಾ ನಾಯಕನಿಗೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2012ರಲ್ಲಿ ಹದಿನಾಲ್ಕು ವರ್ಷ ಶಿಕ್ಷೆ ಕೊಟ್ಟಿತು. ಆ ನ್ಯಾಯಾಲಯದ ಮೊಟ್ಟಮೊದಲ ತೀರ್ಪು ಅದು.

ಒಂದು ಸಂಗತಿ ಹೇಳಿ ನಿಲ್ಲಿಸುತ್ತೇನೆ. ಆ ಹುಡುಗರಲ್ಲಿ ಕೆಲವರು ಕೊಂದವರು ಎಂದು ನಮಗೆ ಗೊತ್ತಿತ್ತು. ಸಂಜೆ ಚೆಂಡಾಟದಲ್ಲಿ ಗೋಲು ಆಯಿತೋ ಇಲ್ಲವೋ ಎಂದು ನಮ್ಮ ಮಕ್ಕಳಂತೆಯೇ ಕಿತ್ತಾಡುತ್ತಿದ್ದರು. ಅವರ ಮೇಲೆ ನನಗೆ ಕರುಣೆ ಬರಲಿಲ್ಲ, ಸಿಟ್ಟೂ ಬರಲಿಲ್ಲ, ಬೆನ್ನು ಹಾಕಲು ಮಾತ್ರ ಹೆದರಿಕೆಯಾಗುತ್ತಿತ್ತು. ಆ ಹೆದರಿಕೆಯ ಬಗ್ಗೆ ಊರಿಗೆ ಬಂದು ಯಾರಿಗೂ ಹೇಳಿರಲಿಲ್ಲ. ಅನುವಾದದ ಹಾದಿ ಅವರು ಹೇಳಿದ ನಿಘಂಟಿನ ಹುಡುಗನ ಕಾದಂಬರಿ ಕನ್ನಡದಲ್ಲಿ ಬಂದರೆ ನನಗೆ ತಿಳಿಸಿ, ಓದುತ್ತೇನೆ.

ತುಂಗಾತೀರ:

ಸರ್, ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಅನುವಾದದ ಹಾದಿ ಅವರಿಗೆ ಒಂದು ಪ್ರಶ್ನೆ ಉಳಿದಿದೆ. ರುವಾಂಡಾದ ಕಥೆಯಲ್ಲಿ ತಾಯಿ ಸಾಯುವ ಮುನ್ನ ಮೋನಿಕ್‌ಗೆ ಹೇಳುವ ಮಾತೇ ಪುಸ್ತಕದ ಹೆಸರು: ಕೇಳಿದರೆ, ನೀನು ಅವರಲ್ಲಿ ಒಬ್ಬಳೆಂದು ಹೇಳು. ಯಾರಲ್ಲಿ ಎಂದು ಮಗು ಕೇಳಿದರೆ, ಯಾರಾದರೂ ಸರಿ ಎನ್ನುತ್ತಾಳೆ. ರುವಾಂಡಾದಲ್ಲಿ ಮಕ್ಕಳ ಗುಂಪು ತಂದೆಯದರಿಂದ ತೀರ್ಮಾನವಾಗುತ್ತಿದ್ದುದರಿಂದ ಕಾಗದದ ಮೇಲೆ ಮೋನಿಕ್ ಹುಟು, ಆದರೆ ಮುಖ ತಾಯಿಯದು. ಇದನ್ನು ಕನ್ನಡದಲ್ಲಿ ಹೇಗೆ ಹೇಳುವುದು?

ಅನುವಾದದ ಹಾದಿ:

ಇದೇ ಸಾಲಿನ ಮುಂದೆ ನಾನೂ ಒಂದು ವಾರ ಕುಳಿತಿದ್ದೆ. ‘ನಾನು ಅವರವಳು ಎನ್ನು’ ಎಂದರೆ ವ್ಯಾಕರಣ ಸರಿ, ಬದುಕಿಗೆ ಸರಿಯಲ್ಲ. ಕತ್ತಿ ಹಿಡಿದು ಎದುರಿಗೆ ನಿಂತವನಿಗೆ ಮಗು ‘ಅವರವಳು’ ಎನ್ನಲಾರದು, ‘ನಿಮ್ಮವಳು’ ಎನ್ನಬೇಕು. ನಮ್ಮಲ್ಲಿ ತಾಯಿ ಮಗುವಿಗೆ ಮಾತು ಕಲಿಸುವಾಗ ಆಡಬೇಕಾದ ಮಾತನ್ನೇ ಬಾಯಿಪಾಠ ಮಾಡಿಸುತ್ತಾಳಲ್ಲವೇ? ಆದ್ದರಿಂದ ಸದ್ಯಕ್ಕೆ ಬರೆದುಕೊಂಡಿರುವುದು: ‘ಕೇಳಿದರೆ, ನಾನು ನಿಮ್ಮವಳೇ ಅನ್ನು.’

ಹಳೆಯ ಮೇಷ್ಟರು:

ಅವಳ ಬೆನ್ನಿಗೆ ತಮ್ಮನಿದ್ದಾನಲ್ಲ. ‘ನಿಮ್ಮವಳೇ’ ಎಂದರೆ ಅವನು ಹೊರಗುಳಿಯುತ್ತಾನೆ. ‘ನಾವು ನಿಮ್ಮವರೇ’ ಎನ್ನಿಸಿ ನೋಡಿ.